ಏರ್ ರೈಫಲ್ ಸಿಲಿಂಡರ್ ಲಗೇಜಿಗೆ ಬಿಡಲಿಲ್ಲ, ಖಾಲಿ ಮಾಡೂದು ಹೆಂಗ?

ಮಾನ್ವಿ_ಅಪ್ಪ:
ನಮಸ್ಕಾರ. ಮಗಳು 10 ಮೀಟರ್ ಏರ್ ರೈಫಲ್ ಹೊಡೀತಾಳ. ಹೋದ ತಿಂಗಳು ಸ್ಪರ್ಧೆ ಮುಗಿಸಿ ವಾಪಸ್ ಬರೂವಾಗ ಏರ್‌ಪೋರ್ಟಿನ್ಯಾಗ ರೈಫಲ್ ಬಿಟ್ರು, ಅದಕ್ಕ ಹಚ್ಚೂ ಒತ್ತಿದ ಗಾಳಿಯ ಸಿಲಿಂಡರ್ ಬಿಡಲಿಲ್ಲ. "ಗಾಳಿ ಖಾಲಿ ಮಾಡೀವಿ ಸರ್" ಅಂದೆ. ಅವರು ಗೇಜ್ (ಒತ್ತಡ ತೋರಿಸೂ ಮೀಟರ್) ತೋರಿಸಿದ್ರು, ಮುಳ್ಳು 50 ಬಾರ್ ಹತ್ರ ನಿಂತಿತ್ತು. ಪೆಲೆಟ್ (ಸಣ್ಣ ಗುಂಡು) ಗುರಿ ಕಾರ್ಡಿನ ಕೆಳಗ ಬೀಳೂ ತನಕ ಹೊಡದು ಹೊಡದೇ ಖಾಲಿ ಮಾಡಿದ್ವಿ ನಾವು. ಸಿಲಿಂಡರ್ ಅಲ್ಲೇ ಪರಿಚಯದವರ ಕೈಯಾಗ ಕೊಟ್ಟು ಬಂದ್ವಿ, ಆಮ್ಯಾಲ ರೈಲಿನ್ಯಾಗ ಬಂದವರೊಬ್ಬರು ತಂದುಕೊಟ್ರು. ಮುಂದಿನ ತಿಂಗಳು ಶಂಷಾಬಾದಿನಿಂದ (ಹೈದರಾಬಾದ್ ಏರ್‌ಪೋರ್ಟ್) ದಿಲ್ಲಿಗೆ, ಕರ್ಣಿ ಸಿಂಗ್ ಶೂಟಿಂಗ್ ರೇಂಜಿಗೆ ಹೋಗೂದೈತಿ. ಗೇಜ್ ಕೆಟ್ಟಿರಬಹುದಾ? ಸಿಲಿಂಡರ್ ಬಾಯಿಯ ಪಿನ್ನಿಗೆ ಸ್ಕ್ರೂಡ್ರೈವರ್ ಒತ್ತಿದ್ರ ಗಾಳಿ ಹೋಗತೈತಿ ಅಂತ ಒಬ್ರು ಹೇಳಿದ್ರು.

ಬಳ್ಳಾರಿ_ಬಿಸಿಲು:
ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ ಅಣ್ಣಾರೆ. 50 ಬಾರ್ ಅಂದ್ರೆ ಕಾರಿನ ಟೈರಿನ ಗಾಳಿಗಿಂತ 20 ಪಟ್ಟಿನ ಮೇಲೆ. ಪಿನ್ ಜಾರಿದ್ರೆ ಬೆರಳು, ಕಣ್ಣು ಎರಡೂ ಹೋಗುತ್ತೆ.

ಗೇಜ್ ಸರಿಯಾಗೇ ಇದೆ. ಪೆಲೆಟ್ ಕೆಳಗೆ ಬಿದ್ರೆ ಸಿಲಿಂಡರ್ ಖಾಲಿ ಅಂತಲ್ಲ. ರೈಫಲ್ ಒಳಗಿನ ರೆಗ್ಯುಲೇಟರಿಗೆ (ಪ್ರತಿ ಹೊಡೆತಕ್ಕೂ ಒತ್ತಡ ಒಂದೇ ಸಮ ಇಡೋ ಭಾಗ) ಬೇಕಾದಷ್ಟು ಒತ್ತಡ ಸಿಗ್ತಿಲ್ಲ ಅಂತ ಅಷ್ಟೆ. 200 ಬಾರ್ ತುಂಬಿದ ಸಿಲಿಂಡರಿನಲ್ಲಿ ಆ ಹೊತ್ತಿಗೂ ಐವತ್ತು ಅರವತ್ತು ಉಳಿದಿರುತ್ತೆ. ವಿಮಾನದವರಿಗೆ ಬೇಕಿರೋದು ಸೊನ್ನೆ.

ರೈಫಲ್ ಬಂದ ಪೆಟ್ಟಿಗೆಯ ಮೂಲೆಯಲ್ಲಿ ಹೆಬ್ಬೆರಳು ಗಾತ್ರದ ಒಂದು ತಿರುಪು ಇರಬೇಕು, ಹುಡುಕಿ. ಏನೋ ಮುಚ್ಚಳ ಅಂತ ಎತ್ತಿಟ್ಟಿರ್ತೀರಿ, ನಾನೂ ಎರಡು ವರ್ಷ ಹಂಗೇ ಇಟ್ಟಿದ್ದೆ. ಗಾಳಿ ಬಿಡೋದಕ್ಕೇ ಇರೋದು ಅದು. ಸಿಲಿಂಡರನ್ನು ರೈಫಲಿನಿಂದ ಬಿಚ್ಚಿ, ಬಾಯಿಯನ್ನು ಮುಖದ ಕಡೆ ತಿರುಗಿಸದೆ, ಈ ತಿರುಪನ್ನು ಕಾಲು ಸುತ್ತು ಕಾಲು ಸುತ್ತು ಹಾಕುತ್ತಾ ಹೋಗಿ. ಸುಯ್ ಅಂತ ಸಣ್ಣಗೆ ಬರಬೇಕು. ಜೋರು ಬಿಟ್ರೆ ಸಿಲಿಂಡರ್ ಮಂಜಿನಂಗೆ ತಣ್ಣಗಾಗಿ ಮೈಮೇಲೆ ನೀರು ಕಟ್ಟುತ್ತೆ, ಗಾಳಿ ಸೋರದಂಗೆ ತಡೆಯೋ ರಬ್ಬರ್ ಉಂಗುರ, ಓ-ರಿಂಗಿಗೂ ಒಳ್ಳೇದಲ್ಲ. ಮುಳ್ಳು ಸೊನ್ನೆಗೆ ಬಂತು ಅಂತ ತಕ್ಷಣ ತಿರುಪು ತೆಗೀಬೇಡಿ. ತಣ್ಣಗಿದ್ದಾಗ ಬಾಯಿ ಮುಚ್ಚಿದ್ರೆ, ಒಳಗೆ ಉಳಿದ ಚೂರು ಗಾಳಿ ಬೆಚ್ಚಗಾಗಿ ಮುಳ್ಳು ಮತ್ತೆ ಅಲ್ಲಾಡಬಹುದು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಸಿಲಿಂಡರ್ ಬಿಚ್ಚಿದ ಮೇಲೆ ರೈಫಲ್ ಒಳಗೂ ಗಾಳಿ ಇರುತ್ತೆ. ಪೆಲೆಟ್ ಇಲ್ಲದೆ, ನಳಿಕೆ ಸುರಕ್ಷಿತ ಕಡೆ ಹಿಡಿದು, ಸದ್ದು ನಿಲ್ಲೋವರೆಗೂ ಟ್ರಿಗರ್ ಎಳೀರಿ.

ಪೆಟ್ಟಿಗೆಯಲ್ಲಿ ಸಿಲಿಂಡರನ್ನು ಗೇಜ್ ಮೇಲೆ ಕಾಣೋ ಹಂಗೆ ಇಡಿ. ಬಟ್ಟೆ ಸುತ್ತಿ ಕೆಳಗೆ ತುರುಕಿದ್ರೆ ಎಕ್ಸ್‌ರೇಯವರಿಗೆ ಅನುಮಾನ ಬಂದೇ ಬರುತ್ತೆ. ಅಂದ ಹಾಗೆ ಸಿಲಿಂಡರ್ ಮೇಲಿನ ತಾರೀಖು ನೋಡಿದ್ರಾ? ಹತ್ತು ವರ್ಷ ದಾಟಿದ್ರೆ ಏರ್‌ಪೋರ್ಟಿನಲ್ಲಿ ಬಿಟ್ರೂ ಸ್ಪರ್ಧೆಯ ಸಲಕರಣೆ ತಪಾಸಣೆಯಲ್ಲಿ ಬಿಡಲ್ಲ.

ಮಾನ್ವಿ_ಅಪ್ಪ:
ತಿರುಪು ಸಿಕ್ತು! ಪೆಲೆಟ್ ಡಬ್ಬಿಯೊಳಗ ಇತ್ತು. ತಾರೀಖು ಇನ್ನ ನಾಲ್ಕು ವರ್ಷ ಐತಿ. ಲೈಸೆನ್ಸ್ ಕೇಳಿದ್ರ?

ಬಳ್ಳಾರಿ_ಬಿಸಿಲು:
4.5 ಮಿ.ಮೀ. ನಳಿಕೆ, 20 ಜೌಲ್ ಒಳಗಿನ ಶಕ್ತಿ ಇದ್ರೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ರೈಫಲ್ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಕೌಂಟರಿನ ಹುಡುಗಿಗೆ ಅದು ಬಂದೂಕೇ. ಖರೀದಿ ಬಿಲ್ಲು, ಅಸೋಸಿಯೇಷನ್ ಕಾರ್ಡು, ಸ್ಪರ್ಧೆಯ ಎಂಟ್ರಿ ಪತ್ರ, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ವೆಬ್ ಚೆಕ್-ಇನ್ ಮಾಡಿ ಬ್ಯಾಗ್ ಹಾಕಿ ನಡೀತೀನಿ ಅಂದ್ರೆ ಆಗಲ್ಲ. ಕೌಂಟರಿನಲ್ಲೇ ಬಾಯಿಬಿಟ್ಟು ಹೇಳಬೇಕು. ಪೆಟ್ಟಿಗೆಯ ಕೀಲಿ ಕೈಯಲ್ಲೇ ಇರಲಿ, ತೆರೆಯೋಕೆ ಒಳಗೆ ಕರೀತಾರೆ. ಮೂರು ಗಂಟೆ ಮೊದಲು ಹೋಗಿ.

ಕೊಪ್ಪಳ_ಮಾಜಿ_ಸೈನಿಕ:
ನಡುವೆ ಬರ್ತಿದೀನಿ, ಕ್ಷಮಿಸಿ. ನನ್ನದು ಸಿಂಗಲ್ ಬ್ಯಾರಲ್ 12 ಬೋರ್, ಲೈಸೆನ್ಸ್ ಕೊಪ್ಪಳ ಡಿಸಿ ಆಫೀಸಿಂದು. ದಿಲ್ಲಿಯಲ್ಲಿ ಗಾರ್ಡ್ ಕೆಲಸ ಸಿಕ್ಕಿದೆ, ಹುಬ್ಬಳ್ಳಿಯಿಂದ ವಿಮಾನ. ಬಂದೂಕು, ತೋಟಾ ಒಂದೇ ಪೆಟ್ಟಿಗೆಯಲ್ಲಿ ಇಡಬಹುದಾ?

ಬಳ್ಳಾರಿ_ಬಿಸಿಲು:
ಸರ್, ಪೆಟ್ಟಿಗೆ ಮಾತು ಆಮೇಲೆ. ಲೈಸೆನ್ಸ್ ಪುಸ್ತಕದಲ್ಲಿ "ವ್ಯಾಪ್ತಿ" ಅಂತ ಬರೆದಿರೋ ಕಡೆ ಏನಿದೆ?

ಕೊಪ್ಪಳ_ಮಾಜಿ_ಸೈನಿಕ:
ಕರ್ನಾಟಕ ರಾಜ್ಯ.

ಬಳ್ಳಾರಿ_ಬಿಸಿಲು:
ಹಾಗಾದ್ರೆ ಟಿಕೆಟ್ ತಡೀರಿ. ವಿಮಾನದವರು ಒಪ್ಪಿದ್ರೂ ದಿಲ್ಲಿಯಲ್ಲಿ ಇಳಿದ ಕೂಡಲೇ ಅದು ಲೈಸೆನ್ಸ್ ಇಲ್ಲದ ಬಂದೂಕು. ರಸ್ತೆಯಲ್ಲೂ ಹಂಗೇ: ನಮ್ಮವರು ಎಷ್ಟೋ ಜನ ಬಂದೂಕು ಕಾರಲ್ಲಿಟ್ಟುಕೊಂಡು ಶಕ್ತಿನಗರದ ಕೃಷ್ಣಾ ಸೇತುವೆ ದಾಟ್ತಾರೆ, ಆಚೆ ದಡ ತೆಲಂಗಾಣ ಅನ್ನೋದೇ ನೆನಪಿರಲ್ಲ. ಬಳ್ಳಾರಿಯಿಂದ ಗುಂತಕಲ್‌ಗೆ ರೈಲು ಹತ್ತಿದ್ರೂ ಅದೇ ಕತೆ. ಡಿಸಿ ಆಫೀಸಿನಲ್ಲಿ ವ್ಯಾಪ್ತಿ ವಿಸ್ತರಣೆಗೆ ಅರ್ಜಿ ಹಾಕಿ, ಕೆಲಸದ ಪತ್ರ ಜೊತೆಗಿಡಿ.

ಅದು ಆದ ಮೇಲೆ ಪ್ಯಾಕಿಂಗು. ನಳಿಕೆ, ಮುಂಗಟ್ಟಿಗೆ (ನಳಿಕೆ ಕೆಳಗಿನ ಮರ), ಹಿಡಿ ಬೇರೆ ಬೇರೆ ಬಿಚ್ಚಿ. ತೋಟಾ ಅದರದೇ ರಟ್ಟಿನ ಡಬ್ಬಿಯಲ್ಲಿ, ಬಂದೂಕಿನಿಂದ ಬೇರೆಯಾಗಿ, ಎರಡೂ ಚೆಕ್-ಇನ್ ಲಗೇಜಿನಲ್ಲೇ. ತೋಟಾಗೆ ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕೆ.ಜಿ. ಮೇಲ್ಮಿತಿ, ಇನ್ನೊಬ್ಬರ ಪಾಲು ಸೇರಿಸಿ ಒಯ್ಯೋ ಹಾಗಿಲ್ಲ. ವಿಮಾನ ಸಂಸ್ಥೆ ಇದಕ್ಕಿಂತ ಕಡಿಮೆ ಹೇಳಬಹುದು, ಮೊದಲೇ ಮೇಲ್ ಬರೆದು ಉತ್ತರ ಪ್ರಿಂಟ್ ತಗೊಳ್ಳಿ. ಇನ್ನೊಂದು, ಹಳೇ ಕೋಟಿನ ಜೇಬು, ಕೈಚೀಲದ ಸಂದು ಎಲ್ಲಾ ಝಾಡಿಸಿ ನೋಡಿ. ಮರೆತುಹೋದ ಒಂದೇ ಒಂದು ತೋಟಾ ಕೈಚೀಲದಲ್ಲಿ ಸಿಕ್ಕರೂ ಆಯುಧ ಕಾಯ್ದೆಯಡಿ ಕೇಸು. ಗೊತ್ತಿರಲಿಲ್ಲ ಅಂತ ಆಮೇಲೆ ಕೋರ್ಟಿನಲ್ಲಿ ಹೇಳ್ಕೋಬಹುದು, ಅವತ್ತಿನ ವಿಮಾನ ಅಂತೂ ಹೋಯ್ತು.

ಕೊಪ್ಪಳ_ಮಾಜಿ_ಸೈನಿಕ:
ಸೋಮವಾರವೇ ಡಿಸಿ ಆಫೀಸಿಗೆ ಹೋಗ್ತೀನಿ. ಟಿಕೆಟ್ ಇನ್ನೂ ಮಾಡಿರಲಿಲ್ಲ, ಪುಣ್ಯ.

ಮಾನ್ವಿ_ಅಪ್ಪ:
ದಿಲ್ಲಿಗೆ ಹೋಗಿ ಬಂದ್ವಿ. ಶಂಷಾಬಾದಿನ್ಯಾಗ ಪೆಟ್ಟಿಗಿ ತೆರೆಸಿದ್ರು, ಗೇಜ್ ನೋಡಿದ್ರು, ಐದು ನಿಮಿಷಕ್ಕ ಮುಗೀತು. ಫಜೀತಿ ಆಗಿದ್ದು ವಾಪಸ್ ಬರೂವಾಗ. ಆ ತಿರುಪು ಮಾನ್ವಿಯಾಗ ಮನ್ಯಾಗೇ ಮರತಿದ್ದೆ! ರೇಂಜಿನ್ಯಾಗ ಪಂಜಾಬಿನ ಹುಡುಗನೊಬ್ಬ ಅದೇ ಕಂಪನಿಯ ರೈಫಲಿನವ, ತನ್ನದು ಕೊಟ್ಟ. ಈಗ ದಾರ ಕಟ್ಟಿ ಪೆಟ್ಟಿಗಿ ಹಿಡಿಕೆಗೇ ಬಿಗದೀನಿ.