ಅಪ್‌ಡೇಟ್: ಅಂಗಾಲಿನ ಗಂಟು ಆಣಿಯಲ್ಲ, ನರುಳಿ

ಅಂಗಾಲಿನ ಗಂಟಿಗೆ ಮನೆಯಲ್ಲೇ ಏನು ಮಾಡಬಹುದು ಅಂತ ಕೇಳಿದ್ದೆ. ಅದು ನರುಳಿಯೇ, ಅಂದರೆ ವೈರಸ್‌ನಿಂದ ಬರುವ ಗಂಟು (wart). ಮೇಲ್ಪದರ ಉಜ್ಜಿದಾಗ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕಿಗಳು ಕಂಡವು. ಅವು ಹೆಪ್ಪುಗಟ್ಟಿದ ರಕ್ತನಾಳ, ಬೇರಲ್ಲ. ಪಕ್ಕದಿಂದ ಚಿವುಟಿದರೆ ನೋವು. ಆಣಿಯಾದರೆ ನೇರವಾಗಿ ಒತ್ತಿದಾಗ ಹೆಚ್ಚು.

ಈಗಿನ ಕ್ರಮ: ರಾತ್ರಿ ಐದು ನಿಮಿಷ ಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಬೆಳ್ಳಗೆ ಮೆತ್ತಗಾದ ಸತ್ತ ಚರ್ಮವನ್ನಷ್ಟೇ ಅರದಿಂದ ಉಜ್ಜುವುದು. ಆ ಅರ ಉಗುರಿಗೆ ಮುಟ್ಟಿಸಬಾರದು, ವೈರಸ್ ಹರಡುತ್ತೆ. ಒರೆಸಿ, ಸುತ್ತ ವ್ಯಾಸಲೀನ್, ನರುಳಿ ಮೇಲೆ ಮಾತ್ರ 17% ಸ್ಯಾಲಿಸಿಲಿಕ್ ಆಸಿಡ್ ಒಂದು ಹನಿ, ಒಣಗಿದ ಮೇಲೆ ಟೇಪ್. ಉಜ್ಜದೆ ಹಚ್ಚಿದರೆ ಔಷಧಿ ಸತ್ತ ಪದರದಲ್ಲೇ ನಿಂತುಬಿಡುತ್ತೆ. ‘ಏನೂ ಆಗಲಿಲ್ಲ’ ಅನ್ನುವವರಲ್ಲಿ ಬಹಳಷ್ಟು ಜನ ತಪ್ಪುವುದು ಇಲ್ಲೇ. 12 ವಾರ ಹಿಡಿಯಬಹುದು.

ಕೆಂಪಾಗಿ ಉರಿದರೆ ಕೆಲವು ದಿನ ಬಿಡುವು. ಸುಣ್ಣ-ಸೋಡಾ ಹಚ್ಚಿ ಅಂತ ಬಂದಿದ್ದ ಸಲಹೆ ಕೈಬಿಟ್ಟೆ, ಅದು ಒಳ್ಳೆಯ ಚರ್ಮವನ್ನೂ ಸುಡುತ್ತೆ. ಬ್ಲೇಡಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆ, ಪಾದದಲ್ಲಿ ಜೋಮು ಇರುವವರು ಮನೆಯಲ್ಲಿ ಕೈಹಾಕದೆ ಚರ್ಮದ ಡಾಕ್ಟರಿಗೇ ತೋರಿಸಿ.

ಚುಕ್ಕಿಗಳು ಹೋಗಿ, ಅಂಗಾಲಿನ ಗೆರೆಗಳು ಆ ಜಾಗದಲ್ಲಿ ಮತ್ತೆ ಮೂಡುವವರೆಗೆ ಹಚ್ಚುತ್ತಿರುತ್ತೇನೆ.