ಕಲಂ 63ರ ಮೇಲೆ ಪ್ರಬಂಧ: 65ಬಿ ಬಗ್ಗೆ ಇಷ್ಟೆಲ್ಲ ಬರೆದಾದ ಮೇಲೆ ಹೊಸದೇನು ಉಳಿದಿದೆ?

ಎಲ್‌ಎಲ್‌ಎಂ_ಪ್ರಬಂಧ:
ಎಲ್‌ಎಲ್‌ಎಂ ಪ್ರಬಂಧಕ್ಕೆ ವಿದ್ಯುನ್ಮಾನ ಸಾಕ್ಷ್ಯದ ವಿಷಯ ಆರಿಸಿಕೊಂಡಿದ್ದೇನೆ. 1872ರ ಸಾಕ್ಷ್ಯ ಕಾಯ್ದೆಯ 65ಬಿ (ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದ ಜೊತೆ ಸಾಕ್ಷ್ಯವಾಗಿ ಒಪ್ಪುವ ಕಲಂ) ಮೇಲಿನ ಲೇಖನಗಳೆಲ್ಲ ಸುಪ್ರೀಂ ಕೋರ್ಟ್ ತೀರ್ಪುಗಳ ಒಂದೇ ಹಾದಿಯಲ್ಲಿ ನಡೆಯುತ್ತವೆ: 2005ರ ನವಜೋತ್ ಸಂಧು, 2014ರ ಅನ್ವರ್, 2018ರ ಶಫಿ ಮೊಹಮ್ಮದ್, ಕೊನೆಗೆ 2020ರ ಅರ್ಜುನ್ ಪಂಡಿತರಾವ್. ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಂದು ಜಾರಿಗೆ ಬಂದು, 65ಬಿಯ ಜಾಗದಲ್ಲಿ ಕಲಂ 63 ಕೂತ ಮೇಲಿನ ಬರಹಗಳಲ್ಲೂ ಹಲವು 65ಬಿ ಅಳಿಸಿ 63 ಎಂದು ತಿದ್ದಿದಂತೆ ಕಾಣುತ್ತವೆ. ಕಲಂ 63ರಲ್ಲಿ ನಿಜವಾಗಿ ಬದಲಾಗಿರುವುದೇನು, ಒಂದು ಪ್ರಬಂಧ ಹೊರುವಷ್ಟು ಪ್ರಶ್ನೆ ಎಲ್ಲಿದೆ, ಅದಕ್ಕೆ ಸಾಮಗ್ರಿ ಎಲ್ಲಿಂದ ತರಬೇಕು? ತಿಳಿದವರು ಹೇಳಿ.

ಮಹಜರು_ಪಂಚನಾಮೆ:
63ನ್ನು ಒಂಟಿಯಾಗಿ ಓದಿದರೆ ಹೊಸದು ಕಾಣುವುದಿಲ್ಲ. ಪ್ರಾಥಮಿಕ ಸಾಕ್ಷ್ಯ ಯಾವುದೆಂದು ಹೇಳುವ 57ರ ಪಕ್ಕದಲ್ಲಿಟ್ಟು ಓದಿ.

ಅರ್ಜುನ್ ಪಂಡಿತರಾವ್ ತೀರ್ಪಿನ ತಿರುಳು ಹೀಗಿತ್ತು: ಮೂಲ ಸಾಧನವನ್ನೇ ಅದರ ಮಾಲೀಕ ಸಾಕ್ಷಿಕಟ್ಟೆಗೆ ತಂದು ಒಪ್ಪಿಸಿದರೆ ಅದು ಪ್ರಾಥಮಿಕ ಸಾಕ್ಷ್ಯ, ಪ್ರಮಾಣಪತ್ರ ಬೇಡ. ನಕಲು ತಂದರೆ ಬೇಕೇ ಬೇಕು. ಮೂಲಕ್ಕೂ ನಕಲಿಗೂ ನಡುವೆ ಗೆರೆ ಎಳೆಯಬಹುದು ಎಂಬ ನಂಬಿಕೆಯ ಮೇಲೆ ಆ ತೀರ್ಪು ನಿಂತಿದೆ. ಈಗ 57ಕ್ಕೆ ಸೇರಿರುವ 4ರಿಂದ 7ರವರೆಗಿನ ವಿವರಣೆಗಳು ಆ ಗೆರೆಯನ್ನೇ ಅಳಿಸುತ್ತವೆ. ಒಂದು ದಾಖಲೆ ಏಕಕಾಲಕ್ಕೆ ಅಥವಾ ಒಂದರ ನಂತರ ಒಂದರಂತೆ ಹಲವು ಕಡತಗಳಲ್ಲಿ ಶೇಖರವಾದರೆ ಪ್ರತಿಯೊಂದೂ ಪ್ರಾಥಮಿಕ. ತಾತ್ಕಾಲಿಕ ಕಡತವೂ ಪ್ರಾಥಮಿಕ. ಅಂಗಡಿಯ ಡಿವಿಆರ್‌ನಲ್ಲಿರುವ (ಸಿಸಿಟಿವಿ ದೃಶ್ಯ ಮುದ್ರಿಸಿಡುವ ಪೆಟ್ಟಿಗೆ) ದೃಶ್ಯ, ಅದೇ ಹೊತ್ತಿಗೆ ಕ್ಲೌಡ್‌ಗೆ ಹೋಗಿ ಕೂತ ದೃಶ್ಯ, ಎರಡೂ ಪ್ರಾಥಮಿಕವೇ. ಹಾಗಾದರೆ ಕ್ಲೌಡ್‌ನ ಕಡತಕ್ಕೆ ಪ್ರಮಾಣಪತ್ರ ಬೇಕೆ? 57 ಓದಿದರೆ ಬೇಡ ಅನ್ನಿಸುತ್ತದೆ. ಆದರೆ ವಿದ್ಯುನ್ಮಾನ ದಾಖಲೆಗೂ ಬೇರೆ ದಾಖಲೆಯಷ್ಟೇ ಬೆಲೆ ಎನ್ನುವ 61 ತಾನೇ 63ಕ್ಕೆ ಒಳಪಟ್ಟಿದೆ, ಅದರ ಒಳಾಂಶ ರುಜುವಾತುಪಡಿಸುವುದು ಹೇಗೆಂದು ಹೇಳುವ 62 ನೇರ 63ಕ್ಕೆ ಕಳಿಸುತ್ತದೆ, 63 ಶುರುವಾಗುವುದೇ ‘ಈ ಅಧಿನಿಯಮದಲ್ಲಿ ಏನೇ ಇದ್ದರೂ’ ಎಂದು. ಈ ಗಂಟು ಬಿಡಿಸುವುದೇ ನಿಮ್ಮ ಪ್ರಬಂಧವಾಗಲಿ.

ವಿವರಣೆ 5ನ್ನು ಬಿಡಬೇಡಿ. ಯೋಗ್ಯ ಸುಪರ್ದಿನಿಂದ ಬಂದ ದಾಖಲೆ ಪ್ರಾಥಮಿಕ, ‘ವಿವಾದಕ್ಕೊಳಗಾಗದಿದ್ದರೆ’. ಹಾಗೆಂದರೆ ಪಾಟೀಸವಾಲಿನಲ್ಲಿ ‘ಇದು ಸುಳ್ಳು ದಾಖಲೆ ಎಂದರೆ ಸರಿಯೇ’ ಎಂಬ ಒಂದು ಸಲಹೆ ಹಾಕಿದರೆ ಸಾಕೆ, ಪ್ರಾಥಮಿಕ ಸಾಕ್ಷ್ಯ ಆ ಕ್ಷಣಕ್ಕೆ ದ್ವಿತೀಯಕ ಆಗಿಬಿಡುತ್ತದೆಯೇ? ಆಗಿಬಿಟ್ಟರೆ ಪ್ರಾಸಿಕ್ಯೂಷನ್ ಅಲ್ಲಿಂದ ಹಿಂದೆ ಹೋಗಿ ಪ್ರಮಾಣಪತ್ರ ತರಬಹುದೆ?

ಈ ಕೊನೆಯ ಪ್ರಶ್ನೆಗೆ ಕರ್ನಾಟಕದ ಎರಡು ಪ್ರಕರಣ ಮುಖ್ಯ. 2019ರ ಹಿರೇಮಠ ತೀರ್ಪಿನಲ್ಲಿ (ಲೋಕಾಯುಕ್ತ ಪೊಲೀಸರ ಪ್ರಕರಣ) ಸುಪ್ರೀಂ ಕೋರ್ಟ್ ದೋಷಾರೋಪಣಾ ಪಟ್ಟಿಯ ಜೊತೆಗೇ ಪ್ರಮಾಣಪತ್ರ ಇರಬೇಕಿಲ್ಲ ಎಂದಿತು. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದಲ್ಲಿ, 2023ರ ನವೆಂಬರ್ 6ರಂದು, ವಿಚಾರಣೆಯ ನಡುವೆಯೇ ಅದನ್ನು ಹಾಜರುಪಡಿಸಲು ಬಿಟ್ಟಿತು. ಹೊಸ 63(4)ರ ಮಾತು ಬೇರೆ: ದಾಖಲೆಯನ್ನು ಸ್ವೀಕಾರಕ್ಕೆ ಸಲ್ಲಿಸುವ ‘ಪ್ರತಿ ಸಂದರ್ಭದಲ್ಲೂ’ ಪ್ರಮಾಣಪತ್ರ ‘ಜೊತೆಗೆ’ ಸಲ್ಲಿಸಬೇಕು. ಇದು ಆ ಬಾಗಿಲು ಮುಚ್ಚಿತೋ ಇಲ್ಲವೋ ಎಂಬುದನ್ನು ವಾದ ಮಾಡಿಯೇ ಸಾಧಿಸಬೇಕು. ಮುಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಸ್ವೀಕಾರಕ್ಕೆ ಸಲ್ಲಿಸುವ’ ಹಂತ ದಾಖಲೆಗೆ ಕೋರ್ಟಿನಲ್ಲಿ ನಿಶಾನೆ ಸಂಖ್ಯೆ ಕೊಡುವ ಹಂತವೇ ಹೊರತು ಪೊಲೀಸರು ಕೋರ್ಟಿಗೆ ಕಡತ ಒಪ್ಪಿಸುವ ಹಂತವಲ್ಲ.

ಹ್ಯಾಶ್_ಪರೀಕ್ಷೆ:
ಅಧಿನಿಯಮದ ಅನುಸೂಚಿಯಲ್ಲಿರುವ ಪ್ರಮಾಣಪತ್ರದ ನಮೂನೆಯನ್ನು ಮುದ್ರಿಸಿ ಎದುರಿಗಿಟ್ಟುಕೊಳ್ಳಿ. ಬಹಳಷ್ಟು ಲೇಖನಗಳು ಅಲ್ಲಿಗೆ ಇಳಿಯುವುದೇ ಇಲ್ಲ.

ಭಾಗ ‘ಎ’ ಪಕ್ಷಕಾರ ತುಂಬುವುದು, ಭಾಗ ‘ಬಿ’ ತಜ್ಞ ತುಂಬುವುದು. ಸಾಧನದ ತಯಾರಿಕೆ, ಮಾದರಿ, ಬಣ್ಣ, ಕ್ರಮಸಂಖ್ಯೆ, ಐಎಂಇಐ ಅಥವಾ ಮ್ಯಾಕ್ ವಿಳಾಸ, ಆಮೇಲೆ ಹ್ಯಾಶ್ ಮೌಲ್ಯ (ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಸಂಖ್ಯೆ) ಮತ್ತು ಅದು ಯಾವ ಕ್ರಮವಿಧಿಯದು ಎಂಬ ಗುರುತು: ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5 ಅಥವಾ ಬೇರೆ. ಹ್ಯಾಶ್ ವರದಿ ಲಗತ್ತಿಸಬೇಕು. ಹಳೇ 65ಬಿ(4)ರಲ್ಲಿ ಹ್ಯಾಶ್ ಎಂಬ ಪದವೇ ಇರಲಿಲ್ಲ, ತಜ್ಞನ ಸಹಿಯೂ ಇರಲಿಲ್ಲ.

ಎಲ್ಲಿ ಎಡವುತ್ತಾರೆ ಎಂದರೆ, ಹ್ಯಾಶ್ ಯಾವುದರದ್ದು ಎಂದು ಬರೆಯುವುದಿಲ್ಲ. ಡಿವಿಆರ್ ಹಾರ್ಡ್‌ಡಿಸ್ಕಿನ ಪೂರ್ತಿ ಇಮೇಜಿನದ್ದೋ (ಇಡೀ ಡಿಸ್ಕಿನ ಯಥಾನಕಲು), ಹೊರತೆಗೆದ ಒಂದು ಕ್ಲಿಪ್ಪಿನದ್ದೋ? ಎರಡೂ ಬೇರೆ ಬೇರೆ ಸಂಖ್ಯೆ. ಡಿವಿಆರ್‌ನ ಸ್ವಂತ ವಿಡಿಯೊ ಫಾರ್ಮ್ಯಾಟಿನಿಂದ ಎಂಪಿ4ಗೆ ಬದಲಿಸಿದ ಕೂಡಲೇ ಹ್ಯಾಶ್ ಬದಲಾಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಮತ್ತೆ ಸಂಕುಚಿತಗೊಂಡು ಹೋಗುತ್ತದೆ, ಹ್ಯಾಶ್ ಬೇರೆಯಾಗುತ್ತದೆ. ಕಡತದ ಹೆಸರು ಬದಲಿಸಿದರೆ ಮಾತ್ರ ಏನೂ ಆಗುವುದಿಲ್ಲ, ಏಕೆಂದರೆ ಹ್ಯಾಶ್ ಒಳಗಿನ ಬೈಟ್‌ಗಳದ್ದು, ಹೆಸರಿನದ್ದಲ್ಲ. ವಶಪಡಿಸಿಕೊಂಡ ಪೆನ್‌ಡ್ರೈವನ್ನು ರೈಟ್ ಬ್ಲಾಕರ್ (ಡ್ರೈವಿಗೆ ಹೊಸದೇನೂ ಬರೆಯದಂತೆ ತಡೆಯುವ ಸಾಧನ) ಇಲ್ಲದೆ ಕಂಪ್ಯೂಟರಿಗೆ ಚುಚ್ಚಿದರೆ ಒಳಗೆ ಹೊಸ ಕಡತಗಳು ಹುಟ್ಟಬಹುದು. ಆಗ ಇಡೀ ಡ್ರೈವಿನ ಹ್ಯಾಶ್ ಮಹಜರಿನಲ್ಲಿ ಬರೆದದ್ದಕ್ಕೆ ತಾಳೆಯಾಗುವುದಿಲ್ಲ.

ಎಸ್‌ಎಚ್‌ಎ256 ಎಂದರೆ 64 ಅಕ್ಷರ, ಎಸ್‌ಎಚ್‌ಎ1 40, ಎಂಡಿ5 32. ಕೈಬರಹದ ಮಹಜರಿನಲ್ಲಿ 63 ಅಕ್ಷರ ಇದ್ದರೆ ಬರೆಯುವಾಗ ಒಂದು ಬಿಟ್ಟಿದ್ದಾರೆ ಎಂದೇ ಅರ್ಥ. ಎಂಡಿ5ರಲ್ಲಿ ಎರಡು ಬೇರೆ ಕಡತಕ್ಕೆ ಒಂದೇ ಹ್ಯಾಶ್ ಬರಿಸಬಹುದೆಂದು 2004ರಲ್ಲೇ ತೋರಿಸಲಾಯಿತು, ಎಸ್‌ಎಚ್‌ಎ1ರಲ್ಲಿ 2017ರಲ್ಲಿ. 2023ರಲ್ಲಿ ಮಾಡಿದ ಕಾನೂನು ಇವೆರಡನ್ನೂ ನಮೂನೆಯಲ್ಲಿ ಹೆಸರಿಸಿ ಇಟ್ಟುಕೊಂಡಿರುವುದು ಟೀಕೆಗೆ ಅರ್ಹ, ಇದಕ್ಕೊಂದು ಅಧ್ಯಾಯವೇ ಕೊಡಬಹುದು.

‘ತಜ್ಞ’ ಯಾರು ಎಂಬ ಪ್ರಶ್ನೆ ಬೇರೆ. 39(2) ಐಟಿ ಕಾಯ್ದೆಯ 79ಎ ಅಡಿ ಅಧಿಸೂಚಿತ ಪರೀಕ್ಷಕರನ್ನು ಹೇಳುತ್ತದೆ. 63(4) ಬರೀ ‘ತಜ್ಞ’ ಎನ್ನುತ್ತದೆ. ಎರಡೂ ಒಂದೇ ಎಂದರೆ ಸಿವಿಲ್ ದಾವೆಯಲ್ಲಿ ಎರಡು ವಾಟ್ಸಾಪ್ ಸಂದೇಶ ಹಾಜರುಪಡಿಸಲು ಬಾಡಿಗೆದಾರನೊಬ್ಬ ಪ್ರಯೋಗಾಲಯದ ಬಾಗಿಲು ಕಾಯಬೇಕು. ಈ ತೊಡಕು ಸಿವಿಲ್ ಕೋರ್ಟುಗಳನ್ನೂ ಅಷ್ಟೇ ಕಾಡುತ್ತದೆ.

ಎಲ್‌ಎಲ್‌ಎಂ_ಪ್ರಬಂಧ:
ತುಂಬಾ ಉಪಕಾರ. ವಿಚಾರಣಾ ನ್ಯಾಯಾಲಯಗಳು ಏನು ಮಾಡುತ್ತಿವೆ ಎಂದು ನೋಡದೆ ಇದನ್ನು ಬರೆಯಲಾಗದು ಅನ್ನಿಸುತ್ತಿದೆ. ಹೇಗೆ ಹುಡುಕುವುದು? ಅಷ್ಟೇ ಅಲ್ಲ, ಪ್ರಮಾಣಪತ್ರವನ್ನೇ ಕೈಬಿಡಬೇಕು ಎಂದು ವಾದಿಸಿದರೆ ಹೇಗೆ?

ಹೊರಾಂಗಣ_ಓದು:
ಮೊದಲು ಅಧಿನಿಯಮದ ಕಲಂ 170 ಓದಿ. 2024ರ ಜುಲೈ 1ಕ್ಕೆ ಮುಂಚೆ ಬಾಕಿ ಇದ್ದ ತನಿಖೆ, ವಿಚಾರಣೆ, ಮೇಲ್ಮನವಿ ಎಲ್ಲಕ್ಕೂ 1872ರ ಕಾಯ್ದೆಯೇ ಅನ್ವಯ. ಆದ್ದರಿಂದ 2025ರ ಹೈಕೋರ್ಟ್ ಮೇಲ್ಮನವಿ ತೀರ್ಪು ಸಿಕ್ಕಿತೆಂದು 63ರ ಪಟ್ಟಿಗೆ ಸೇರಿಸಬೇಡಿ. ಎಫ್‌ಐಆರ್ ದಿನಾಂಕ ನೋಡಿ ಸೇರಿಸಿ. ಈ ಒಂದು ತಪ್ಪಿನಿಂದ ಪೂರ್ತಿ ಕೋಷ್ಟಕ ಕೆಡುತ್ತದೆ.

ಹೈಕೋರ್ಟ್ ತೀರ್ಪುಗಳನ್ನು ಇ-ಕೋರ್ಟ್ಸ್‌ನ ತೀರ್ಪು ಪೋರ್ಟಲ್‌ನಲ್ಲಿ ಪದ ಹಾಕಿ ಹುಡುಕಬಹುದು. ತಟಸ್ಥ ಉಲ್ಲೇಖ (ನ್ಯಾಯಾಲಯವೇ ತೀರ್ಪಿಗೆ ಕೊಡುವ ಸಂಖ್ಯೆ) ಕೊಡಿ: ಬೆಂಗಳೂರಿಗೆ ಕೆಎಚ್‌ಸಿ, ಧಾರವಾಡಕ್ಕೆ ಕೆಎಚ್‌ಸಿ-ಡಿ, ಕಲಬುರಗಿಗೆ ಕೆಎಚ್‌ಸಿ-ಕೆ. ಜಿಲ್ಲಾ ನ್ಯಾಯಾಲಯಗಳದ್ದನ್ನು ಕಾಯ್ದೆಯ ಹೆಸರಿನಿಂದ ಪ್ರಕರಣ ತೆಗೆದು ಒಂದೊಂದೇ ತೆರೆದು ನೋಡಬೇಕು, ಪ್ರತಿ ಪ್ರಕರಣದ ಗುರುತಾದ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಕನ್ನಡದ ತೀರ್ಪುಗಳನ್ನು ಬಿಟ್ಟುಬಿಡಬೇಡಿ. ಹಳೇ ನುಡಿ ಅಕ್ಷರಗಳಲ್ಲಿ ಟೈಪಾದ ಪಿಡಿಎಫ್‌ನಲ್ಲಿ ‘ಪ್ರಮಾಣಪತ್ರ’ ಎಂದು ಹುಡುಕಿದರೆ ಏನೂ ಬರುವುದಿಲ್ಲ. ಪಠ್ಯವನ್ನು ಯುನಿಕೋಡ್‌ಗೆ ತಂದುಕೊಂಡು ಆಮೇಲೆ ಹುಡುಕಿ. ಪ್ರತಿ ತೀರ್ಪಿನಲ್ಲೂ ಗುರುತು ಮಾಡಬೇಕಾದದ್ದು ನಾಲ್ಕು: ಪ್ರಮಾಣಪತ್ರ ಯಾವ ಹಂತದಲ್ಲಿ ಬಂತು, ಭಾಗ ‘ಬಿ’ಗೆ ಯಾರು ಸಹಿ ಹಾಕಿದರು, ನಿ.ಪಿ. (ಪ್ರಾಸಿಕ್ಯೂಷನ್ ದಾಖಲೆಯ ನಿಶಾನೆ) ಗುರುತು ಮಾಡುವಾಗಲೇ ಆಕ್ಷೇಪಣೆ ಇತ್ತೇ, ಹ್ಯಾಶ್ ತಾಳೆ ನೋಡಿದರೇ. ಆಕ್ಷೇಪಣೆಯ ಅಂಶ ಯಾಕೆಂದರೆ 2017ರ ಸೋನು ತೀರ್ಪು ರುಜುವಾತಿನ ವಿಧಾನದ ಬಗ್ಗೆ ಮೇಲ್ಮನವಿಯಲ್ಲಿ ಮೊದಲ ಬಾರಿಗೆ ತಕರಾರು ಎತ್ತುವುದನ್ನು ಒಪ್ಪಲಿಲ್ಲ.

ಇನ್ನು ಪ್ರಮಾಣಪತ್ರ ಕೈಬಿಡುವ ವಾದ. 65ಬಿಯ ಮೂಲ ಇಂಗ್ಲೆಂಡಿನ 1968ರ ಸಿವಿಲ್ ಸಾಕ್ಷ್ಯ ಕಾಯ್ದೆಯ ಕಲಂ 5. ಅವರು ಅದನ್ನು 1995ರ ಕಾಯ್ದೆಯಿಂದ ತೆಗೆದರು. ಕ್ರಿಮಿನಲ್ ಪ್ರಕರಣಗಳಿಗಿದ್ದ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ ಕಲಂ 69ನ್ನೂ 1999ರ ಕಾಯ್ದೆ ರದ್ದುಮಾಡಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂಬ ಪೂರ್ವಭಾವನೆಯಷ್ಟೇ ಉಳಿಯಿತು. ಹೊರೈಜನ್ ಎಂಬ ಲೆಕ್ಕಪತ್ರ ತಂತ್ರಾಂಶದ ದೋಷ ಹೊರಬರದೆ ಅಂಚೆ ಕಚೇರಿ ನಡೆಸುತ್ತಿದ್ದ ನೂರಾರು ಮಂದಿ ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಅವರ ಶಿಕ್ಷೆ ರದ್ದು ಮಾಡಲು 2024ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಕೈಬಿಡಬೇಕು ಎಂದು ಬರೆಯುವವರು ಈ ಇತಿಹಾಸಕ್ಕೆ ಉತ್ತರ ಕೊಡಲೇಬೇಕು.

ಮಹಜರು_ಪಂಚನಾಮೆ:
ಹೊರೈಜನ್ ಉದಾಹರಣೆ ಸರಿ, ಆದರೆ ಒಂದು ತಿದ್ದುಪಡಿ. ನಮ್ಮ ಭಾಗ ‘ಎ’, ಭಾಗ ‘ಬಿ’ ಎರಡೂ ಇದ್ದಿದ್ದರೂ ಆ ತಪ್ಪು ಸಿಕ್ಕಿಬೀಳುತ್ತಿರಲಿಲ್ಲ. ದಾಖಲೆ ಹೊರತೆಗೆದ ಮೇಲೆ ಬದಲಾಗಿಲ್ಲ ಎಂಬುದನ್ನಷ್ಟೇ ಹ್ಯಾಶ್ ಹೇಳುತ್ತದೆ. ತಂತ್ರಾಂಶ ಮೊದಲೇ ತಪ್ಪು ಲೆಕ್ಕ ಬರೆದಿದ್ದರೆ ಆ ತಪ್ಪು ಲೆಕ್ಕಕ್ಕೂ ಹ್ಯಾಶ್ ಸರಿಯಾಗಿಯೇ ಬರುತ್ತದೆ. ಸಾಧನ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬುದಕ್ಕೆ 63(2)ರ ಷರತ್ತು ಇದೆ, ಅದನ್ನು ನಮೂನೆಯ ಒಂದು ಸಿದ್ಧ ವಾಕ್ಯಕ್ಕೆ, ಅದೂ ‘ತಿಳಿವು ಮತ್ತು ನಂಬಿಕೆ’ಯ ಮೇಲೆ, ಇಳಿಸಿಬಿಟ್ಟಿದ್ದಾರೆ. ತೀರ್ಪು ಓದುವಾಗ ಐದನೇ ಅಂಶವಾಗಿ ಇದನ್ನೂ ಸೇರಿಸಿಕೊಳ್ಳಿ: ಆ ವಾಕ್ಯದ ಮೇಲೆ ಯಾರಾದರೂ ತಜ್ಞನನ್ನು ಪಾಟೀಸವಾಲು ಮಾಡಿದ್ದಾರೆಯೇ?