ಎರೆಮಣ್ಣಿನ ದಾರಿಗೆ ಹಬ್ ಗೇರ್: 3 ಸಾಕೋ, 8 ಬೇಕೋ?

ಕಾಲುವೆದಂಡೆ (ಸಿಂಧನೂರು)

ಎಲ್ಲರಿಗೂ ನಮಸ್ಕಾರ ರಿ. ಸ್ಟೀಲ್ ಫ್ರೇಮಿನ ಹೈಬ್ರಿಡ್ ಸೈಕಲ್, 700×35 ಟಯರು, ಮುಂದೆ 38 ಹಲ್ಲಿನ ಚೈನ್‌ವೀಲ್. ದಿನಾ ಹೋಗಿ ಬರಲು 28 ಕಿ.ಮೀ. ಮುಕ್ಕಾಲು ಪಾಲು ಎಡದಂಡೆ ಕಾಲುವೆ ಪಕ್ಕದ ಸಪಾಟು ರಸ್ತೆ, ಕೊನೆಗೆ 3 ಕಿ.ಮೀ. ಎರೆಹೊಲದ ಬಂಡಿದಾರಿ. ಮಳೆ ಬಿದ್ದರೆ ಡಿರೇಲರಿಗೆ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸಿ ಗೇರು ಬದಲಿಸೋ ಭಾಗ) ಮಣ್ಣು ಮೆತ್ತಿಕೊಂಡು ಚೈನು ಜಿಗಿಯುತ್ತೆ, ಒಣಗಿದರೆ ಅದೇ ಮಣ್ಣು ಕಲ್ಲಾಗುತ್ತೆ. ಗಾಲಿಯ ನಡುವಿನ ಹಬ್ಬಿನ ಒಳಗೇ ಗೇರ್ ಇರೋದನ್ನು ಹಾಕಿಸಬೇಕು ಅಂತಿದ್ದೇನೆ. 3 ಗೇರಿನದು ಸಾಕಾ, 8ರದು ಬೇಕಾ? ಈಗಿನ ಫ್ರೇಮಿಗೆ ಕೂರುತ್ತಾ? ದಾರಿಯಲ್ಲಿ ಪಂಕ್ಚರ್ ಆದರೆ ಗತಿ ಏನು?

ಗಾಲಿಕಡ್ಡಿ (ರಾಯಚೂರು)

ಗೇರಿನ ಎಣಿಕೆ ಆಮೇಲೆ. ಮೊದಲು ಫ್ರೇಮ್ ಅಳೀರಿ. ಹಿಂದಿನ ಗಾಲಿ ತೆಗೆದು, ಅಚ್ಚು ಕೂರುವ ಎರಡು ಸೀಳುಗಳ ಒಳಮೈ ನಡುವೆ ಎಷ್ಟು ಮಿ.ಮೀ. ಐತಿ ನೋಡ್ರಿ. ಹೈಬ್ರಿಡ್ ಅಂದರೆ 135 ಇರಬೇಕು. 8 ಗೇರಿನ ಹಬ್ಬುಗಳಾಗ ಶಿಮಾನೋ ಕಂಪನಿಯ ಆಲ್ಫೈನ್ 8 ಸರಿಯಾಗಿ 135. ಅದೇ ಕಂಪನಿಯ ನೆಕ್ಸಸ್ 8 ಹಬ್ 132. ಸ್ಟೀಲ್ ಫ್ರೇಮಾದರೆ ನಟ್ಟು ಬಿಗಿದಾಗ ಆ 3 ಮಿ.ಮೀ. ಕೂಡಿಕೊಳ್ತದ, ಅಲ್ಯುಮಿನಿಯಂ ಫ್ರೇಮನ್ನ ಹಂಗ ಒತ್ತಬ್ಯಾಡ್ರಿ, ವಾಷರ್ ಹಾಕ್ರಿ. 3 ಗೇರಿನ ಹಬ್ಬುಗಳು ಇವಕ್ಕಿಂತ ಕಿರಿದು, ನಿಮ್ಮ ಫ್ರೇಮಿಗೆ ಎರಡೂ ಕಡೆ ಸ್ಪೇಸರ್ ತುಂಬಬೇಕಾಗ್ತದ, ಅಚ್ಚಿನ ಉದ್ದ ಸಾಲದೇ ಹೋಗಬಹುದು.

ಎರಡನೇದು, ಸೀಳಿನ ದಿಕ್ಕು. ಅಡ್ಡ ಸೀಳಾದರೆ ಗಾಲಿ ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ನೆಟ್ಟಗೆ ಕೆಳಗೆ ಇಳಿಯುವ ಸೀಳಾದರೆ ಚೈನ್ ಟೆನ್ಷನರ್ ಬೇಕೇ ಬೇಕು. ಅದು ಡಿರೇಲರಿನಂಗ ಕೆಳಗ ಜೋತು ಬಿದ್ದು ಮತ್ತ ಮಣ್ಣು ಹಿಡೀತದ, ಪೂರ್ತಿ ಮುಚ್ಚುವ ಚೈನ್ ಕವರನ್ನೂ ಹಾಕಗೊಡಂಗಿಲ್ಲ. ನೀವು ಯಾವ ಕಷ್ಟದಿಂದ ಪಾರಾಗಬೇಕಂತೀರೋ ಅದರ ಅರ್ಧ ವಾಪಸ್ ಬಂದಂಗ. ಅದಕ್ಕ ಇದನ್ನ ಮೊದಲ ನೋಡ್ರಿ ಅಂದೆ.

ಹಳೇ ದೊಡ್ಡ ಕಪ್ಪು ಸೈಕಲ್ಲಿಗೆ ಹಾಕಿಸುವ ವಿಚಾರ ಇದ್ದರೆ ಇನ್ನೊಂದು ಮಾತು: ಅದರ ಹಿಂದಿನ ರಿಮ್ಮಿಗೆ 40 ತೂತು, ಮುಂದಿನದಕ್ಕ 32. ಈ ಹಬ್ಬುಗಳು ಹೆಚ್ಚಾಗಿ 36ರವು. ಹಬ್ ತರಿಸೋಕೆ ಮೊದಲು ರಿಮ್ಮಿನ ತೂತು ಎಣಿಸಿ. ಹಬ್ಬಿನ ಅಂಚು ದೊಡ್ಡದಿರೋದರಿಂದ ಹಳೇ ಕಡ್ಡಿಗಳು ಉದ್ದ ಆಗ್ತಾವ. ಹೊಸ ಗಿಡ್ಡ ಕಡ್ಡಿ ತಂದು, ಒಂದೊಂದು ಕಡ್ಡಿ ಮೂರರ ಬದಲು ಎರಡು ಕಡ್ಡಿ ದಾಟುವಂಗ ಹೆಣಿಗೆ ಹಾಕಿಸಬೇಕು.

ಕೊಪ್ಪಳ ಗಾಳಿ

ಫ್ರೇಮಿನ ಮಾತು ಒಪ್ಪಿದೆ. ಆದರೆ ನಮ್ಮ ಕಡೆ ಏರಿಗಿಂತ ಗಾಳಿಯೇ ದೊಡ್ಡ ಏರು, ಆ ಲೆಕ್ಕವನ್ನೂ ನೋಡಬೇಕು.

3 ಗೇರಿನ ನೆಕ್ಸಸ್ 3ರ ಅನುಪಾತ (ಹಿಂದಿನ ಹಲ್ಲುಚಕ್ರ ಒಂದು ಸುತ್ತು ಬಂದರೆ ಗಾಲಿ ಎಷ್ಟು ಸುತ್ತುತ್ತೆ ಅನ್ನೋದು) 0.733, 1, 1.364. ಒಂದು ಗೇರಿನಿಂದ ಇನ್ನೊಂದಕ್ಕೆ 36% ಜಿಗಿತ. ಆಷಾಢದ ಎದುರುಗಾಳಿಯಲ್ಲಿ 2ನೇ ಗೇರು ಭಾರ, 1ನೇದು ತೀರಾ ಹಗುರ ಅನಿಸೋದು ಇದರಿಂದಲೇ. 8ರಲ್ಲಿ 0.527ರಿಂದ 1.615ರವರೆಗೆ ಎಂಟು ಮೆಟ್ಟಿಲು, ಒಂದೊಂದು 14ರಿಂದ 22% ಒಳಗೆ. ಹಿಂದೆ 19 ಹಲ್ಲು ಹಾಕಿದರೆ, ಪೆಡಲು ಒಂದು ಸುತ್ತು ಬಂದಾಗ 1ನೇ ಗೇರಿನಲ್ಲಿ ಸೈಕಲ್ 2.3 ಮೀ. ಹೋಗುತ್ತೆ, 8ನೇದರಲ್ಲಿ 7 ಮೀ. 5ನೇ ಗೇರು ನೇರ, ಅಂದರೆ ಒಳಗಿನ ಹಲ್ಲುಗಳ ಮೂಲಕ ಬಲ ಹಾಯೋದಿಲ್ಲ, ತುಳಿತ ಎಲ್ಲಕ್ಕಿಂತ ಹಗುರ. ನಿಮಿಷಕ್ಕೆ 70 ಸುತ್ತು ತುಳಿದರೆ ಅದರಲ್ಲಿ ಗಂಟೆಗೆ 18 ಕಿ.ಮೀ. ದಿನದ ಸವಾರಿ ಹೆಚ್ಚಿನಂಶ ಈ ಗೇರಿನಲ್ಲೇ ಸಾಗುವಂತೆ ಹಿಂದಿನ ಹಲ್ಲು ಆರಿಸಿಕೊಳ್ಳಿ.

3ರದನ್ನೇ ಹಾಕಿಸುವುದಾದರೆ ಹಿಂದೆ 21 ಹಲ್ಲು ಇರಲಿ. ಅದೇ 70 ಸುತ್ತಿಗೆ ಸುಮಾರು 12, 16.5, 22.5 ಕಿ.ಮೀ. ವೇಗ ಸಿಗುತ್ತೆ. ಸಣ್ಣ ಹಲ್ಲಿನದು ಹಾಕಿದರೆ 3ನೇ ಗೇರು ಗಾಳಿ ಬೆನ್ನಿಗಿದ್ದಾಗ ಬಿಟ್ಟರೆ ಮತ್ತೆ ಉಪಯೋಗಕ್ಕೆ ಬರಲ್ಲ.

ಕಾಲುವೆದಂಡೆ (ಸಿಂಧನೂರು)

ಅಳೆದೆ. 135 ಐತಿ, ರಿಮ್ಮು 36 ತೂತು, ಸೀಳು ಪುಣ್ಯಕ್ಕೆ ಅಡ್ಡ. ಹಾಗಾದರೆ 8. ಜೋಡಿಸುವಾಗ ಎಲ್ಲಿ ಎಡವಟ್ಟಾಗುತ್ತೆ ಹೇಳ್ರಿ, ಇಲ್ಲಿನ ಅಂಗಡಿಯವರಿಗೆ ಇದು ಹೊಸದು.

ಗಾಲಿಕಡ್ಡಿ (ರಾಯಚೂರು)

ಎಡವೋದು ವಾಷರಿನಲ್ಲಿ. ಹಬ್ ಜೊತೆ ಎರಡು ಹಲ್ಲಿನ ವಾಷರ್ ಬರ್ತಾವ, ಎಡಕ್ಕೊಂದು, ಬಲಕ್ಕೊಂದು. ಅಚ್ಚು ತಿರುಗದಂಗ ಹಿಡಿಯೋದು ಇವೇ. ಗೇರು ಕೆಲಸ ಮಾಡುವಾಗ ಒಳಗಿನ ಬಲ ಅಚ್ಚನ್ನ ತಿರುವಾಕ ನೋಡ್ತದ. ಹೆಚ್ಚುವರಿ ಅಂತ ಇವನ್ನ ತೆಗೆದಿಟ್ಟರೆ ಅಚ್ಚು ತಿರುಗಿ ಸೀಳು ಅಗಲ ಆಗ್ತದ, ಕೇಬಲ್ಲೂ ಸೊಟ್ಟ ಆಗ್ತದ. ಸೀಳಿನ ಆಕಾರಕ್ಕ ತಕ್ಕಂಗ ಬೇರೆ ಬೇರೆ ವಾಷರ್ ಇರ್ತಾವ, ಆರ್ಡರ್ ಮಾಡುವಾಗ ಸೀಳಿನ ಫೋಟೋ ಕಳಿಸ್ರಿ. ಅಚ್ಚಿನ ನಟ್ಟಿಗೆ 15ರ ಪಾನಾ, 30ರಿಂದ 45 ನ್ಯೂಟನ್ ಮೀಟರ್ ಬಿಗಿತ. ಚೈನು ನಡುವೆ ಒತ್ತಿದರೆ ಮೇಲೆ ಕೆಳಗೆ ಅರ್ಧ ಇಂಚು ಆಡಬೇಕು.

ಆಮೇಲೆ ಕೇಬಲ್. ಎಲ್ಲಾ ಗೇರು ಎರಡು ಸಲ ಹಾಕಿ ತೆಗೆದು 4ಕ್ಕೆ ನಿಲ್ಲಿಸ್ರಿ. ಹಬ್ಬಿನ ಬಲಕ್ಕ, ಕೇಬಲ್ ಕೂರುವ ಜಾಗದಾಗ ಎರಡು ಹಳದಿ ಗೆರೆ ಕಾಣ್ತಾವ, ಅವು ಒಂದಕ್ಕೊಂದು ನೇರ ಇರಬೇಕು. ಇಲ್ಲಾ ಅಂದರೆ ಹ್ಯಾಂಡಲ್ ಹತ್ತಿರದ ತಿರುಪು ತಿರುಗಿಸಿ ಸೇರಿಸ್ರಿ. ತುಳಿಯುವಾಗ ಪೆಡಲು ಖಾಲಿ ಜಾರಿ ಧಡ್ ಅಂತ ಹಿಡಿದರೆ ಹಬ್ ಕೆಟ್ಟಿದೆ ಅಂತ ಬಿಚ್ಚಬ್ಯಾಡ್ರಿ, ಮೊದಲು ಈ ಗೆರೆ ನೋಡ್ರಿ. ಹೊಸ ಕೇಬಲ್ ಮೊದಲ ವಾರಗಳಾಗ ಹಿಗ್ಗೇ ಹಿಗ್ಗತದ. ಗೆರೆ ತಪ್ಪಿದ್ದು ಗೊತ್ತಿದ್ದೂ ಹಂಗೇ ತುಳಿದರೆ ಒಳಗಿನ ಹಲ್ಲು ಸವೆದು ಖರ್ಚಿಗೆ ದಾರಿ.

ಪಂಕ್ಚರಿಗೆ ಗಾಲಿ ಬಿಚ್ಚೋದೇ ಬ್ಯಾಡ. ಒಂದು ಕಡೆ ಟಯರ್ ಎಬ್ಬಿಸಿ ಟ್ಯೂಬ್ ಹೊರಗೆಳೆದು ತೇಪೆ ಹಚ್ಚಿದರಾಯ್ತು. ಟಯರೇ ಬದಲಿಸಬೇಕಾದರೆ ಗೇರು 1ಕ್ಕೆ ತಂದು, ಕೇಬಲ್ಲಿನ ಹೊರಕೊಳವೆಯನ್ನು ಹಬ್ಬಿನ ಪಕ್ಕ ಅದು ಕೂರುವ ಸೀಳಿನಿಂದ ತಪ್ಪಿಸಿ. ಅಲ್ಲೇ ಕೇಬಲ್ ಸುತ್ತುವ ಕಪ್ಪಿಯ ಸಣ್ಣ ತೂತಿಗೆ 2 ಮಿ.ಮೀ. ಕಡ್ಡಿಯ ತುಂಡು ಹಾಕಿ ತಿರುವಿದರೆ ಕೇಬಲ್ ಸಡಿಲಾಗಿ ಅದರ ತುದಿಯ ಗುಬ್ಬಿ ಈಚೆ ಬರ್ತದ. ಒಂದು ಹಳೇ ಕಡ್ಡಿ ಕತ್ತರಿಸಿ ಸೀಟಿನ ಚೀಲದಾಗ ಇಟ್ಟುಬಿಡ್ರಿ.

ಸಂಡೂರು ಏರು

ಎರಡು ವಿಷಯ ಸೇರಿಸ್ತೀನಿ. ಹಿಂದೆ ಇನ್ನೂ ದೊಡ್ಡ ಹಲ್ಲು ಹಾಕಿ 1ನೇ ಗೇರನ್ನು ಮತ್ತಷ್ಟು ಹಗುರ ಮಾಡುವ ಆಸೆ ಬರುತ್ತೆ, ನಮ್ಮ ಘಾಟಿ ಕಡೆಯವರಿಗಂತೂ ಖಂಡಿತ. ಮುಂದಿನ ಹಲ್ಲು ಹಿಂದಿನದರ ಸುಮಾರು ಎರಡು ಪಟ್ಟು ಇರಲಿ ಅನ್ನೋದು ಶಿಮಾನೋ ಲೆಕ್ಕ. ಅದಕ್ಕಿಂತ ತೀರಾ ಇಳಿಸಿದರೆ ಹಬ್ಬಿನೊಳಗೆ ಹೋಗುವ ತಿರುಚು ಬಲ ಹೆಚ್ಚುತ್ತೆ. ಏರಿನಲ್ಲಿ ಗೇರು ಬದಲಿಸುವಾಗ ಅರ್ಧ ಕ್ಷಣ ತುಳಿತ ಹಗುರ ಮಾಡಿ. ಒತ್ತಿ ತುಳಿಯುತ್ತಾ ಬದಲಿಸೋದೇ ಇವನ್ನು ಹಾಳು ಮಾಡುವ ಅಭ್ಯಾಸ. ನಿಂತಲ್ಲೇ ಗೇರು ಇಳಿಸಬಹುದು, ಎತ್ತಿನ ಬಂಡಿ ಹಿಂದೆ ಸಿಕ್ಕಿಕೊಂಡಾಗ ಇದರ ಬೆಲೆ ತಿಳಿಯುತ್ತೆ.

ಧೂಳು, ನೀರು: ಅದಿರಿನ ಕೆಂಪು ಧೂಳಾಗಲಿ ಎರೆಮಣ್ಣಾಗಲಿ, ವಾಟರ್ ಸರ್ವಿಸ್ ಪೈಪು ಮಾತ್ರ ಹಬ್ಬಿಗೆ ಹಿಡಿಸಬೇಡಿ, ಸೀಲ್ ದಾಟಿ ನೀರು ಒಳಗೆ ಹೋದರೆ ತುಕ್ಕು. ಮಗ್ಗಿನಲ್ಲಿ ನೀರು ಸುರಿದು ಬ್ರಶ್ಶಿನಿಂದ ಉಜ್ಜಿ. ಸೀಮೆಎಣ್ಣೆ ಒಳಗೆ ಬಿಟ್ಟರೆ ಗ್ರೀಸ್ ತೊಳೆದುಹೋಗುತ್ತೆ. ಮೊದಲ 1,000 ಕಿ.ಮೀ.ಗೆ ಒಮ್ಮೆ, ಆಮೇಲೆ 5,000 ಕಿ.ಮೀ. ಅಥವಾ ಎರಡು ವರ್ಷಕ್ಕೊಮ್ಮೆ ಒಳಭಾಗ ಹೊರತೆಗೆದು ಹಬ್ ಎಣ್ಣೆಯಲ್ಲಿ 90 ಸೆಕೆಂಡು ಅದ್ದಿ, 60 ಸೆಕೆಂಡು ಸೋರಲು ಬಿಟ್ಟು ವಾಪಸ್ ಕೂರಿಸಬೇಕು. ನಿಮ್ಮ ಓಡಾಟಕ್ಕೆ 5,000 ಅಂದರೆ ಆರೇಳು ತಿಂಗಳು. ಮುಂಗಾರು ಮುಗಿದ ಮೇಲೆ ಒಂದು ಸಲ ಇಟ್ಟುಕೊಳ್ಳಿ.

ಮಡ್‌ಗಾರ್ಡಿಗೂ ಟಯರಿಗೂ ನಡುವೆ ಎರಡು ಬೆರಳು ಜಾಗ ಬಿಡಿಸಿ. ಡಿರೇಲರ್ ಹೋದರೂ ಎರೆಮಣ್ಣು ಅಲ್ಲಿ ತುಂಬಿ ಗಾಲಿ ನಿಲ್ಲಿಸುವುದನ್ನು ಯಾವ ಹಬ್ಬೂ ತಪ್ಪಿಸಲ್ಲ.

ಕಾಲುವೆದಂಡೆ (ಸಿಂಧನೂರು)

ಆಲ್ಫೈನ್ 8, 19 ಹಲ್ಲು, ಅಡ್ಡ ಸೀಳಿನ ವಾಷರ್ ಜೋಡಿ, ಒಂದು ಕೇಬಲ್ ಹೆಚ್ಚಿಗೆ. ಇಷ್ಟೇ ಬರೆದು ಕಳಿಸ್ತೀನಿ ರಿ.

ಗಾಲಿಕಡ್ಡಿ (ರಾಯಚೂರು)

ಹಲ್ಲುಚಕ್ರ ಹಿಡಿಯುವ ಸ್ಪ್ರಿಂಗ್ ರಿಂಗೂ ಒಂದು ಹೆಚ್ಚಿಗೆ ತರಿಸ್ರಿ. ಸ್ಕ್ರೂಡ್ರೈವರಿನಿಂದ ಎಬ್ಬಿಸುವಾಗ ಚಿಮ್ಮಿ ಹೋದರೆ ಇಲ್ಲಿ ಸಿಗಂಗಿಲ್ಲ.